ಇಜಬೆಲ್ ಬಾಯಿಯ ಓಟು

ಹೋದ ಭಾನುವಾರ ಬೈಂದೂರಿನಲ್ಲಿ ನೆಂಟರೊಬ್ಬರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಚಹಾದ ಮೊದಲ ಗುಟುಕಿಗೇ ನಾಲಿಗೆ ತಡೆಯಿತು. ಸಕ್ಕರೆ ಇತ್ತು, ಏಲಕ್ಕಿಯೂ ಇತ್ತು, ಅವೆರಡರ ಅಡಿಯಲ್ಲಿ ತೆಳ್ಳಗೆ ಉಪ್ಪು. ಮನೆಯೊಡತಿ ನನ್ನ ಮುಖ ಕಂಡು, "ಬೇಸ್ಗಿ ಅಲ್ದಾ, ಬಾವಿ ನೀರ್ ಉಪ್ಪಾಯ್ತ್. ಬೇರೆ ಮಾಡಿ ಕೊಡ್ಕಾ?" ಎಂದು ಕೇಳಿದರು. "ಬೇಡ ಬೇಡ, ಚೆನ್ನಾಗಿದೆ" ಎಂದು ಲೋಟ ಬರಿದು ಮಾಡಿದೆ. ಇಂಥ ಸಣ್ಣ ಸುಳ್ಳುಗಳಲ್ಲಿ ನಾನು ಪಳಗಿದವನು. ಆದರೆ ಆ ರುಚಿ ಮನೆಗೆ ಬರುವವರೆಗೂ ಬಾಯಿಯಲ್ಲಿ ಉಳಿಯಿತು. ಹತ್ತು ಹದಿನೈದು ವರ್ಷಗಳ ಹಿಂದೆ ಅದೇ ರುಚಿಯ ನೀರನ್ನು ಬೇರೊಂದು ಮನೆಯ ಅಂಗಳದಲ್ಲಿ ಕುಡಿದದ್ದು ನೆನಪಾಯಿತು. ಆ ಕತೆಯನ್ನು ನಿಮ್ಮ ಹತ್ತಿರ ಹೇಳದೆ ನನಗೆ ಸಮಾಧಾನವಿಲ್ಲ.

ನಮ್ಮೂರು ಮರವಂತೆ ದಾಟಿ ಸ್ವಲ್ಪ ಮುಂದೆ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ಹೆದ್ದಾರಿ. ಬಸ್ಸಿನಲ್ಲಿ ಹೋಗುವವರು ಕಿಟಕಿಗೆ ಮುಖ ಒತ್ತಿ, ಎಷ್ಟೊಂದು ನೀರು ಎಂದು ಬೆರಗಾಗುತ್ತಾರೆ. ನಾವು ಒಳಗೆ ಒಂದು ಕೊಡಪಾನ ಕುಡಿಯುವ ನೀರಿಗೆ ಪಾಳಿ ಹಚ್ಚುತ್ತೇವೆ ಎಂದರೆ ನಂಬಲಿಕ್ಕಿಲ್ಲ. ಮಾರ್ಚ್ ಮುಗಿಯುವಾಗ ಒಂದೊಂದೇ ಬಾವಿ ಉಪ್ಪಾಗುತ್ತ ಬರುತ್ತದೆ. ನಮ್ಮ ಇಗರ್ಜಿಯ, ಎಂದರೆ ಚರ್ಚಿನ, ಬಾವಿ ಮಾತ್ರ ಕಡು ಬೇಸಿಗೆಯಲ್ಲೂ ಸಿಹಿ. ಹಳೆಯ ಪಾದ್ರಿಯೊಬ್ಬರ ಪ್ರಾರ್ಥನೆಯ ಫಲ ಎಂದು ಹಿರಿಯರು ಹೇಳುತ್ತಿದ್ದರು. ಅಡಿಯಲ್ಲಿ ಕಲ್ಲಿನ ಹಾಸು ಇರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ, ಜೋರಾಗಿ ಹೇಳುತ್ತಿರಲಿಲ್ಲ.

ಆ ವರ್ಷಗಳಲ್ಲಿ ನಾನು ಗುರ್ಕಾರನಾಗಿದ್ದೆ. ನಮ್ಮಲ್ಲಿ ಇಗರ್ಜಿಗೆ ಸೇರಿದ ಇಪ್ಪತ್ತು ಮೂವತ್ತು ಮನೆಗಳಿಗೆ ಒಂದು ವಾಡೊ, ವಾಡೊಗೊಬ್ಬ ಗುರ್ಕಾರ. ಯಾರು ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ಪೂಜೆಗೆ ಬರುತ್ತಿಲ್ಲ ಎಂದು ತಿಳಿದಿರಬೇಕಾದವನು. ಚಿಂತೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಹುದ್ದೆ ಇಲ್ಲ. ನಾನು ಮನೆಗೆ ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ಹೋಗಿ, ಬೀಗ ಬಿದ್ದಿದೆಯೇ ಎಂದು ನೋಡಲು ತಿರುಗಿ ಬರುವ ಜಾತಿಯವನು. ಹಾಗಾಗಿ ವಾಡೊದ ಪುಸ್ತಕವನ್ನು ನನ್ನಷ್ಟು ನೀಟಾಗಿ ಇಟ್ಟವರು ಆ ಇಗರ್ಜಿಯಲ್ಲಿ ಇರಲಿಲ್ಲ. ಹೊಸ ಮನೆಗೆ ನೀಲಿ ಶಾಯಿ, ಬಿಟ್ಟು ಹೋದವರ ಮೇಲೆ ಸ್ಕೇಲು ಇಟ್ಟು ಕೆಂಪು ಗೆರೆ.

ಇಜಬೆಲ್ ಬಾಯಿ ನನ್ನ ವಾಡೊದವಳು. ಅರವತ್ತರ ಹತ್ತಿರದ ವಿಧವೆ; ಮಗಳನ್ನು ಹಂಗಾರಕಟ್ಟೆಗೆ ಕೊಟ್ಟಿದ್ದಳು. ಬಸಳೆ, ಹರಿವೆ ಬೆಳೆದು ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದಳು. ನಮ್ಮ ಮನೆಮಾತು ಕೊಂಕಣಿ. ಅವಳು ಮಾತ್ರ ಬೈಯಬೇಕಾದಾಗ ಕುಂದಾಪುರದ ಕನ್ನಡಕ್ಕೆ ಇಳಿಯುತ್ತಿದ್ದಳು, ನನ್ನ ಹತ್ತಿರ ಆಡಿದ ಮಾತೆಲ್ಲ ಅದರಲ್ಲೇ. ತರಕಾರಿ ಮಾರಲು ಅವಳು ಊರು ದೂರವಿಟ್ಟ ಕೊರಗರ ಹೊಳೆ ಬದಿಯ ಕಾಲೊನಿಯ ದಾರಿಯಲ್ಲೇ ಹೋಗಬೇಕಿತ್ತು. ಅಲ್ಲಿಯ ಬಾವಿ ಎಲ್ಲಕ್ಕಿಂತ ಮೊದಲು ಉಪ್ಪಾಗುವುದು.

ಒಂದು ಸಂಜೆ ವಾಡೊದ ತೇರ್ಸ ಪ್ರಾರ್ಥನೆ ಮುಗಿದು ಎಲ್ಲರೂ ಜಪಮಾಲೆ ಮಡಚುತ್ತಿರುವಾಗ ಅವಳು ಕೇಳಿದಳು, "ಹ್ವಾಯ್ ಗುರ್ಕಾರ್ರೆ, ಇಗರ್ಜಿ ಬಾವಿ ನೀರ್ ಕಾಲೊನಿಯರಿಗೆ ಕೊಟ್ರೆ ಎಂತ ಆತ್ತ್? ಬತ್ತಿ ಹೋತ್ತಾ?"

ಮಂಡಳಿಯಲ್ಲಿ ವಿಷಯ ಇಡುತ್ತೇನೆ ಎಂದೆ. ಇಟ್ಟೆ ಕೂಡ. ಇಗರ್ಜಿಯ ಪಾಲನಾ ಮಂಡಳಿಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ನಮಗೇ ಸಾಲದು ಎಂದರು ಒಬ್ಬರು, ಅಂಗಳ ಕೆಸರಾಗುತ್ತದೆ ಎಂದರು ಇನ್ನೊಬ್ಬರು, ಇವತ್ತು ಇವರು ನಾಳೆ ಯಾರೋ ಎಂದರು ಮತ್ತೊಬ್ಬರು. ಜಾತಿಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತದೆಯೇ ಕೆಲಸ ಮುಗಿಸುವುದು ನಮಗೆ ಬರುತ್ತದೆ. ಕೊನೆಗೆ ಕೈ ಎತ್ತಿಸಿದರು. ನಾನು ತಲೆ ತಗ್ಗಿಸಿ ನಡಾವಳಿ ಬರೆಯುತ್ತಿದ್ದೆ. ಬರೆಯುವವನಿಗೆ ಕೈ ಎತ್ತಲು ಪುರುಸೊತ್ತು ಎಲ್ಲಿ? ಎರಡು ಕೈ ಕಡಿಮೆಯಾಗಿ ವಿಷಯ ಬಿದ್ದುಹೋಯಿತು.

ಮರುದಿನ ಇಜಬೆಲ್ ಬಾಯಿ ನನ್ನ ಗೇಟಿನ ಹೊರಗೆ ಬುಟ್ಟಿ ಇಳಿಸಿದಳು. "ನೀವ್ ಕೈ ಎತ್ತಿದ್ರ್ಯಾ?"

"ನಾನು ಬರೀತಾ ಇದ್ದೆ ಬಾಯಿ."

"ಬರುದ್ ಮತ್ತೆ ಆತಿತ್ತ್," ಎಂದು ಬುಟ್ಟಿ ಎತ್ತಿಕೊಂಡಳು. "ನೀರ್ ಕೊಡದ್ ಇಗರ್ಜಿಗೆ ನಾ ಬತ್ತಿಲ್ಲೆ."

ಬರಲೂ ಇಲ್ಲ. ಒಂದು ವರ್ಷ ಕಾದೆ. ಆಮೇಲೆ ಪುಸ್ತಕ ತೆಗೆದು, ಸ್ಕೇಲು ಇಟ್ಟು, ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಪುಸ್ತಕ ನೀಟಾಯಿತು.

ಅಷ್ಟರಲ್ಲಿ ಹೊಸ ಫಾದರ್ ಬಂದರು. ಸಣ್ಣ ಆಳು, ದೊಡ್ಡ ಧ್ವನಿ. ಪಂಚಾಯತಿ ಚುನಾವಣೆ ಹತ್ತಿರವಿತ್ತು. ಪೂಜೆಯ ಪ್ರವಚನದಲ್ಲಿ ಅವರು ಹೇಳಿದರು, "ದೇವರ ರಾಜ್ಯ ಬರಲಿ ಎಂದು ದಿನಾ ಕೇಳುತ್ತೇವೆ, ಪಂಚಾಯತಿಗೆ ಯಾರು ಬರಬೇಕು ಎಂದು ಕೇಳಿದರೆ ಮನೆಯಲ್ಲಿ ಮಲಗುತ್ತೇವೆ. ಯಾರಿಗೆ ಹಾಕಬೇಕು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನನ್ನು ಇಲ್ಲಿಂದ ಇಳಿಸಿ. ಆದರೆ ಹೋಗಿ. ಹೋಗುವಾಗ ಬಡವರ ಮನೆ ಮುಂದಿನ ದಾರಿಯಲ್ಲಿ ಹೋಗಿ." ಪ್ರತಿ ಗುರ್ಕಾರನೂ ತನ್ನ ವಾಡೊದವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು ಎಂದೂ ಅಪ್ಪಣೆಯಾಯಿತು. ನನಗೆ ಹಬ್ಬ. ಪಟ್ಟಿ ಎಂದರೆ ನನ್ನ ಕ್ಷೇತ್ರವಲ್ಲವೇ?

ಪಟ್ಟಿ ಪರಿಷ್ಕರಣೆಯ ಕೆಲಸ ನಮ್ಮ ಶಾಲೆಯ ಪದ್ಮಾವತಿ ಟೀಚರಿಗೆ ಬಿದ್ದಿತ್ತು. ಸುಡು ಬಿಸಿಲಿನಲ್ಲಿ ಛತ್ರಿ ಹಿಡಿದು ಮನೆಮನೆ ಸುತ್ತಿ ಸೋತು ನಮ್ಮ ಜಗಲಿಗೆ ಬಂದು ಕೂತರು. ನಾನು ಪುಸ್ತಕ ನೋಡಿ, ಕೆಂಪು ಗೆರೆಯವರನ್ನು ಬಿಟ್ಟು, ಉಳಿದವರ ಹೆಸರನ್ನು ಮನೆವಾರು ಬರೆದು ಕಾರ್ಬನ್ ಪ್ರತಿಯ ಸಮೇತ ಕೊಟ್ಟೆ.

"ಎಷ್ಟ್ ಚಂದ ಬರ್ದಿದ್ರಿ ಪೊರ್ಬುಗಳೆ," ಎಂದರು ಟೀಚರ್; ಕ್ರಿಸ್ತುವರನ್ನು ಊರವರು ಕರೆಯುವುದೇ ಪೊರ್ಬುಗಳೆ ಎಂದು. "ಹಂಗಾರೆ ನಿಮ್ಮ್ ವಾಡೊದರ್ ಇದ್ರಗ್ ಇಲ್ದಿದ್ರೆ ಊರಗ್ ಇಲ್ಲ ಅಂದ್ ಬರಿಲಾ?"

"ಹೌದು, ಬರೀರಿ," ಎಂದೆ.

ಇಜಬೆಲ್ ಬಾಯಿಯ ಮನೆ ನಮ್ಮ ಜಗಲಿಯಿಂದ ಕಾಣುತ್ತಿತ್ತು. ಆ ಹೊತ್ತಿಗೆ ಅವಳು ಬಹುಶಃ ಅಂಗಳದಲ್ಲೇ ಇದ್ದಳು. ನಾನು ಕಣ್ಣೆತ್ತಲಿಲ್ಲ, ಕಾರ್ಬನ್ ಪ್ರತಿ ಸರಿಯಾಗಿ ಮೂಡಿದೆಯೇ ಎಂದು ನೋಡುತ್ತಿದ್ದೆ.

ಆ ಸಲ ಕಾಲೊನಿಯ ಗಿರಿಜ ಎಂಬ ಹೆಂಗಸು ಚುನಾವಣೆಗೆ ನಿಂತಿದ್ದಳು. ನಿಲ್ಲುವ ಧೈರ್ಯ ಕೊಟ್ಟವಳು ಇಜಬೆಲ್ ಬಾಯಿ. ಮತದಾನದ ಬೆಳಿಗ್ಗೆ ಅವಳು ಇಗರ್ಜಿಗೆಂದು ಎತ್ತಿಟ್ಟಿದ್ದ ಬಿಳಿ ಸೀರೆ ಉಟ್ಟು, ಕಾಲೊನಿಯ ಹತ್ತು ಹನ್ನೆರಡು ಹೆಂಗಸರನ್ನು ಕರೆದುಕೊಂಡು ಶಾಲೆಗೆ ಬಂದಳು. ಕೆಲವರಿಗೆ ಅದು ಮೊದಲ ಓಟು. ಸಾಲಿನ ತಲೆಯಲ್ಲಿ ಅವಳು. ಒಳಗೆ ಹೋದವಳು ಎರಡು ನಿಮಿಷದಲ್ಲಿ ಹೊರಗೆ ಬಂದಳು. ಬೆರಳಿನಲ್ಲಿ ಶಾಯಿ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವಂತೆ. ನಾನು ಹುಣಸೆ ಮರದ ನೆರಳಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಸಾಲಿನಲ್ಲಿದ್ದ ಹೆಂಗಸರು ಹಿಂದೆ ಸರಿಯತೊಡಗಿದಾಗ ಅವಳು, "ನೀವ್ ಹೋಯ್ನಿ, ಹೋಯ್ನಿ. ಮಕ್ಳ್ನ ನಂಗ್ ಕೊಡಿ," ಎಂದು ಕೂಸುಗಳನ್ನು ಇಸಿದುಕೊಂಡು, ಕೊನೆಯ ಹೆಂಗಸು ಓಟು ಹಾಕಿ ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದಳು.

ಗಿರಿಜ ಸೋತಳು. ಬಹಳ ಓಟಿನಿಂದಲೇ ಸೋತಳು. ನಾನು ಕೆಟ್ಟವನು ಎನ್ನಿ, ಆ ಅಂತರ ಕೇಳಿ ನನಗೆ ನೆಮ್ಮದಿಯಾಯಿತು. ಒಂದು ಓಟಿನಿಂದ ಏನೂ ಆಗುತ್ತಿರಲಿಲ್ಲವಲ್ಲ! ಆ ನೆಮ್ಮದಿ ಒಂದು ವಾರ ಇತ್ತು. ಇಜಬೆಲ್ ಬಾಯಿ ತನ್ನ ಹೆಸರು ತೆಗೆದದ್ದು ಟೀಚರ್ ಎಂದು ನಂಬಿದ್ದಳು. ಅವರ ಮನೆಗೆ ಬಸಳೆ ಕೊಡುವುದು ನಿಲ್ಲಿಸಿದಳು, ಸಾಲದೆಂದು ರಸ್ತೆಯಲ್ಲಿ ನಾಲ್ಕು ಜನರೆದುರು ಬೈದಳು. ಮಾರನೆಯ ದಿನ ತ್ರಾಸಿಯ ಬಸ್ ಸ್ಟಾಪಿನಲ್ಲಿ ಟೀಚರ್ ಸಿಕ್ಕಿದರು. ನನ್ನ ಮುಖ ನೋಡದೆ, ಬಸ್ಸು ಬರುವ ದಿಕ್ಕು ನೋಡುತ್ತ, "ಪೊರ್ಬುಗಳೆ, ನಿಮ್ಮ ಹೆಸ್ರ್ ನಾ ಹೇಳ್ಲಿಲ್ಲ," ಎಂದರು. ಅಷ್ಟೇ. ಬಸ್ಸು ಬಂತು, ಹತ್ತಿ ಹೋದರು. ನನ್ನದೂ ಅದೇ ಬಸ್ಸು. ನಾನು ಮುಂದಿನದಕ್ಕೆ ನಿಂತೆ.

ಶನಿವಾರ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಫಾದರ್ ಎಲ್ಲ ಕೇಳಿಸಿಕೊಂಡರು. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಜಪ ಕೊಟ್ಟು ಬಿಡುತ್ತಾರೆ ಎಂಬ ಆಸೆಯಲ್ಲಿ ಮೊಣಕಾಲು ಸರಿಮಾಡಿಕೊಂಡೆ. ಅವರು ಹೇಳಿದರು, "ನೀವು ಇಲ್ಲಿ ಹೇಳಿದ್ದು ದೇವರಿಗೆ ಗೊತ್ತಾಯಿತು. ಅವನಿಗೆ ಮೊದಲೇ ಗೊತ್ತಿತ್ತು. ಇಜಬೆಲ್ ಬಾಯಿಗೆ ಯಾರು ಹೇಳುವುದು?"

ಅವಳ ಮನೆಗೆ ನಮ್ಮ ಜಗಲಿಯಿಂದ ಇನ್ನೂರು ಹೆಜ್ಜೆ. ಅಷ್ಟು ದೂರ ನಡೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಹೋದಾಗ ಅವಳು ಪಾತ್ರೆ ತೊಳೆದ ನೀರನ್ನು ಬಸಳೆ ಬುಡಕ್ಕೆ ಹೊಯ್ಯುತ್ತಿದ್ದಳು. ನಿಂತಲ್ಲೇ ಹೇಳಿದೆ. ಅವಳು ನೀರು ಹೊಯ್ಯುವುದನ್ನು ಮುಗಿಸಿದಳು.

"ಟೀಚರ್ ಅಲ್ದಾ?"

"ಅಲ್ಲ, ನಾನು. ಪುಸ್ತಕ ನೋಡಿ ಬರೆದೆ."

"ನನ್ ಮನಿ ನಿಮ್ ಜಗ್ಲಿಂದ ಕಾಣತ್ತಲೆ?"

"ಕಾಣುತ್ತದೆ." ಸುಮ್ಮನಿರಬಹುದಿತ್ತು. ನನ್ನಂಥವನಿಗೆ ಅದು ಬರುವುದಿಲ್ಲ. "ಗಿರಿಜ ಹೇಗೂ ಬಹಳ ಓಟಿನಿಂದ..." ಎಂದು ಶುರುಮಾಡಿದೆ.

"ಸೋತದ್ದ್ ಬೇರೆ," ಎಂದಳು. "ಕಾಲೊನಿ ಹೆಂಗಸ್ರ್ ಹತ್ರ, ಹೆದ್ರಬೇಡಿ, ಮೊದ್ಲ್ ನಾ ಹಾಕ್ತೆ ಅಂದ್ ಹೇಳಿದ್ದೆ. ಮೊದ್ಲ್ ಇಗರ್ಜಿ ನೀರ್ ಕೊಡ್ಸ್ತೆ ಅಂದೆ, ಆಯ್ಲಿಲ್ಲ. ಮತ್ತೆ ಓಟ್ ಹಾಕ್ತೆ ಅಂದೆ, ಅದೂ ಆಯ್ಲಿಲ್ಲ. ಈ ಬಾಯಮ್ಮ ಬರೀ ಮಾತಿನವ್ಳ್ ಅಂದ್ ಅವ್ರ್ ತಿಳ್ಕಂಡ್ರೆ ನಾ ಎಂತ ಹೇಳುದ್?"

ಏನು ಮಾಡಲಿ ಎಂದು ಕೇಳಿದೆ. ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. "ಮೊದ್ಲ್ ಟೀಚರ್ ಮನಿಗ್ ಹೋಪ, ನಾ ಬೈದದ್ದ್ ತಪ್ಪಾಯ್ತ್ ಅಂದ್ ಹೇಳ್ಕ್. ಮತ್ತೆ ಕಾಲೊನಿಗ್. ಅಲ್ಲ್ ನೀವ್ ಹೇಳ್ಕ್."

ಟೀಚರ್ ಮನೆಯಲ್ಲಿ ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ಕಾಲೊನಿಯಲ್ಲಿ ನನಗೆ ಬಹಳ ಮಾತು ಬೇಕಾಯಿತು. ಪುಸ್ತಕ, ಗೆರೆ, ಪಟ್ಟಿ ಎಲ್ಲ ವಿವರಿಸಿದೆ. ಗಿರಿಜ ಬುಟ್ಟಿ ಹೆಣೆಯುತ್ತಲೇ ಕೇಳಿದಳು. ಕಡೆಗೆ ಎದ್ದು ಒಳಗೆ ಹೋಗಿ ಒಂದು ಚೆಂಬು ತಂದು ನನ್ನ ಮುಂದಿಟ್ಟಳು. "ಬಿಸ್ಲಗ್ ಬಂದಿದ್ರಿ, ಕುಡೀನಿ. ಚೂರ್ ಉಪ್ಪಿತ್ತ್ ಕಾಣಿ." ಕುಡಿದೆ. ಚೂರು ಅಲ್ಲ. ಇಜಬೆಲ್ ಬಾಯಿ ನನ್ನ ಗಂಟಲನ್ನೇ ನೋಡುತ್ತಿದ್ದಳು. ಚೆಂಬು ಖಾಲಿ ಮಾಡಿಯೇ ಕೆಳಗಿಟ್ಟೆ.

ಮುಂದಿನ ಮಂಡಳಿಯ ಸಭೆಯಲ್ಲಿ ವಿಷಯವನ್ನು ಮತ್ತೆ ನಾನೇ ಇಟ್ಟೆ. ಕೆಸರು, ನಮಗೇ ಸಾಲದು, ನಾಳೆ ಯಾರೋ, ಎಲ್ಲವೂ ಮತ್ತೆ ಬಂತು. ನನಗೆ ಭಾಷಣ ಬರುವುದಿಲ್ಲ. "ನಾನು ಆ ನೀರು ಕುಡಿದು ಬಂದಿದ್ದೇನೆ," ಎಂದಷ್ಟೇ ಹೇಳಿ ಪೆನ್ನು ಕೆಳಗಿಟ್ಟು ಕೈ ಎತ್ತಿದೆ. ಈ ಸಲ ಒಂದು ಕೈ ಹೆಚ್ಚಾಯಿತು. ಎಲ್ಲರೂ ಒಳ್ಳೆಯವರಾದರು ಎಂದುಕೊಳ್ಳಬೇಡಿ. ವಾಡೊದ ಎರಡು ಮನೆಯವರು ಆ ಬಾವಿಯ ನೀರು ಬಿಟ್ಟೇಬಿಟ್ಟರು. ಅವರಲ್ಲೊಬ್ಬರು ದಾರಿಯಲ್ಲಿ ಸಿಕ್ಕಿ, "ಗುರ್ಕಾರ್ರೆ, ಈಗ ನಮ್ಮ್ ಹೆಸ್ರಿಗೂ ಕೆಂಪ್ ಗೆರೆಯಾ?" ಎಂದು ನಕ್ಕರು. ಆದರೆ ದಿನಾ ಸಂಜೆ ನಾಲ್ಕಕ್ಕೆ ಕಾಲೊನಿಯ ಹೆಂಗಸರು ಬಂದರು. ಮೊದಲ ವಾರ ಇಗರ್ಜಿಯ ಗೇಟಿನ ಹೊರಗೇ ನಿಂತರು. ಇಜಬೆಲ್ ಬಾಯಿ ಹಗ್ಗವನ್ನು ಗಿರಿಜಳ ಕೈಗೆ ಕೊಟ್ಟು, "ನೀನೇ ಎಳಿ," ಎಂದ ಮೇಲೆ ಒಳಗೆ ಬಂದರು.

ಇಜಬೆಲ್ ಬಾಯಿ ಇಗರ್ಜಿಗೆ ಮರಳಿದ್ದು ಮೊಂತಿ ಹಬ್ಬಕ್ಕೆ, ಹೊಸ ತೆನೆ ಹಂಚುವ ದಿನ. ಹಿಂದಿನ ಬಾಗಿಲಲ್ಲೇ ನಿಂತಿದ್ದಳು. ನಾನು ತೆನೆ ಕೊಟ್ಟೆ. "ಇನ್ನೂ ಒಂದ್ ಕೊಡಿ, ಗಿರಿಜಂಗೆ," ಎಂದಳು. ಮನೆಗಿಷ್ಟು ಎಂದು ಲೆಕ್ಕವಿತ್ತು. ನನ್ನ ಪಾಲಿನದನ್ನು ಕೊಟ್ಟೆ. ಪಟ್ಟಿಯಲ್ಲಿ ಅವಳ ಹೆಸರು ಮತ್ತೆ ಬಂತು. ಮುಂದಿನ ಪಂಚಾಯತಿ ಚುನಾವಣೆಯಲ್ಲಿ ಸಾಲಿನ ತಲೆಯಲ್ಲಿ ನಿಂತು ಓಟು ಹಾಕಿ, ಹೊರಗೆ ಬಂದು, ಶಾಯಿಯ ಬೆರಳನ್ನು ಕಾಲೊನಿಯ ಹೆಂಗಸರಿಗೆ ಒಬ್ಬೊಬ್ಬರಿಗೇ ತೋರಿಸಿದಳು. ಗಿರಿಜ ಗೆದ್ದಳು. ನಲ್ಲಿಯ ಪೈಪು ಬರಲು ಮತ್ತೂ ಎರಡು ವರ್ಷ ಬೇಕಾಯಿತು. ಈಗಲೂ ಅದು ಮೂರು ಕಡೆ ಸೋರುತ್ತದೆ.

ಇಜಬೆಲ್ ಬಾಯಿ ನಾಲ್ಕು ವರ್ಷಗಳ ಹಿಂದೆ ತೀರಿಕೊಂಡಳು. ಬೈಂದೂರಿನಿಂದ ಬಂದ ಮರುದಿನ, ಈಗ ಪಟ್ಟಿಯ ಕೆಲಸ ನೋಡುವ ಅಂಗನವಾಡಿಯ ಸುಜಾತ ಬಂದಳು. "ಇಜಬೆಲ್ ಬಾಯಮ್ಮನ ಹೆಸ್ರ್ ಇನ್ನೂ ಇತ್ತ್ ಮಾರಾಯ್ರೆ. ತೀರ್ಕಂಡದ್ದ್ ಹೌದ್ ಅಂದ್ ಒಂದ್ ಸಹಿ ಹಾಕಿ."

ಅವಳ ಗೋರಿಗೆ ಮೂರು ಹಿಡಿ ಮಣ್ಣು ಹಾಕಿದವನು ನಾನು. ಆದರೂ, "ಮನೆಗೆ ಹೋಗಿ ನೋಡಿ ಹಾಕುತ್ತೇನೆ," ಎಂದೆ. ಸುಜಾತ ನಕ್ಕಳು. "ಸತ್ತರ್ ಮನೆಗ್ ಹೋಯಿ ಎಂತ ಕಾಂಬುದ್?" ಆದರೂ ನನ್ನ ಜೊತೆ ಬಂದಳು.

ಮಗಳು ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಬಯಲುಸೀಮೆಯಿಂದ ಬಂದ ಗಂಡ ಹೆಂಡತಿ, ಜೊತೆಗೆ ಗಂಡನ ತಮ್ಮ. ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. ಎಷ್ಟು ಸಮಯವಾಯಿತು ಬಂದು ಎಂದು ಕೇಳಿದೆ.

"ಮೂರು ಮಳಿಗಾಲ ಆತ್ರೀ."

"ಓಟಿನ ಪಟ್ಟಿಗೆ ಹೆಸರು ಕೊಟ್ಟಿದ್ದೀರಾ?"

"ಇಲ್ಲಿ ನಮ್ಮನ್ನ ಯಾರು ಕೇಳ್ತಾರ್ರೀ?"

ಮೂರು ಮಳೆಗಾಲ ಅವರ ಮನೆಯ ದೀಪವನ್ನು ಜಗಲಿಯಿಂದ ನೋಡಿದ್ದೇನೆ, ಹೆಸರು ಕೇಳಿರಲಿಲ್ಲ. ಸುಜಾತ ಚೀಲ ತಡಕಿದಳು. ಅಳಿಸುವ ಫಾರಂ ಮಾತ್ರ ಇತ್ತು, ಸೇರಿಸುವುದು ಇರಲಿಲ್ಲ. "ನಾಳೆ ಬಪ್ಪನಾ?" ಎಂದಳು.

"ಈಗಲೇ ಹೋಗಿ ತನ್ನಿ," ಎಂದು ನಾನು ಅಂಗಳದ ಕಲ್ಲಿನ ಮೇಲೆ ಕೂತೆ. "ನೀವು ಬರುವವರೆಗೆ ನಾನು ಇಲ್ಲೇ ಇರುತ್ತೇನೆ."