ಗಂಗವ್ವನ ಉಗುರಿಗೆ ಬಣ್ಣ ಹಚ್ಚಿದ್ದು

ಗಂಗವ್ವ ಬಿಸಿಲಿಗೆ ತಲೆ ತಿರುಗಿ ಬಿದ್ದಳು ಎಂದು ಮಸಗುಪ್ಪಿಯಲ್ಲಿ ಇಂದಿಗೂ ಹೇಳುತ್ತಾರೆ. ಸುಳ್ಳು. ಆಕೆಯ ಮೈಯಲ್ಲಿ ರಕ್ತ ಇರಲಿಲ್ಲ. ಅದು ನನಗೆ ಎರಡು ತಿಂಗಳು ಮೊದಲೇ ಗೊತ್ತಿತ್ತು — ಗೊತ್ತಿದ್ದೂ ಮುಚ್ಚಿದೆ.

ನಾನು ಬಳೆ ಇಡುವವಳು. ಕೊಣ್ಣೂರಿನಿಂದ ಬುಟ್ಟಿ ಹೊತ್ತು ಮೂಡಲಗಿ ಕಡೆಯ ಊರೂರು ತಿರುಗುತ್ತಲೇ ಮೊಮ್ಮಕ್ಕಳನ್ನು ಕಂಡವಳು. ಸಾಲಿ ಮೂರನೆಯ ಇಯತ್ತೆಗೇ ಮುಗಿಯಿತು. ಆದರೆ ಹೆಣ್ಣುಮಕ್ಕಳ ಕೈಯನ್ನು ನಾನು ಹಿಡಿದಷ್ಟು ಅವರ ಗಂಡಂದಿರೂ ಹಿಡಿದಿಲ್ಲ.

ಗಂಗವ್ವನ ಮಗಳ ಕುಬಸದ ದಿನ — ಚೊಚ್ಚಲ ಬಸುರಿಗೆ ಹಸಿರು ಬಳೆ ಇಡಿಸುವ ದಿನ — ಮಗಳಿಗೆ ಇಟ್ಟು ಮುಗಿಸಿ ತಾಯಿಯ ಕೈ ಹಿಡಿದೆ. ನಲವತ್ತೈದು ದಾಟಿದ ಕೈ. ಉಗುರು ಬಿಳುಚಿಕೊಂಡು, ನಡುವೆ ಚಮಚೆಯಂತೆ ತಗ್ಗಾಗಿದ್ದವು. ಒಂದು ಹನಿ ನೀರು ಬಿಟ್ಟರೆ ನಿಲ್ಲಬೇಕು, ಹಾಗೆ. ಅಂಕಲಗಿಯ ನನ್ನ ತಂಗಿಗೂ ಇದೇ ವಯಸ್ಸಿನಲ್ಲಿ ಹೀಗೇ ಆಗಿತ್ತು. ತಿಂಗಳ ಮುಟ್ಟು ವಿಪರೀತ ಹೋಗಿ ರಕ್ತ ಇಳಿದಿದೆ ಎಂದು ಡಾಕ್ಟರು ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಗುಳಿಗೆ ನುಂಗಿ ಅವಳು ಆರಾಮಾದಳು. ಅದನ್ನೂ ಕಂಡಿದ್ದೆ.

“ಆಯಿ, ನನ್ನ ಉಗುರು ಹಿಂಗ್ಯಾಕ ತಗ್ಗ ಬಿದ್ದಾವು?” ಗಂಗವ್ವನೇ ಕೇಳಿದಳು.

ಬಳೆ ಏರುವಾಗ ಬೇನೆಯ ಮಾತು ಆಡಬಾರದು ಎಂಬುದು ನಮ್ಮ ಕಸುಬಿನ ಕಟ್ಟಳೆ. ಅಪಶಕುನದ ಬಾಯಿ ಎನಿಸಿಕೊಂಡರೆ ಮತ್ತೆ ಯಾರೂ ಕಟ್ಟೆಗೆ ಕರೆಯುವುದಿಲ್ಲ. ಆ ದಿನ ದಾಟಿಸಿ ಮರುದಿನ ಹೇಳಬಹುದಿತ್ತು — ಹೇಳಲಿಲ್ಲ.

“ವಯಸ್ಸಿಗೆ ಹಂಗ ಆಗತಾವ ತಗೋ. ಇದನ್ನ ಹಚ್ಚಿಕೋ, ಬೀಗರ ಮುಂದ ಚೆಂದ ಕಾಣತಾವ.”

ಕೆಂಪು ಉಗುರುಬಣ್ಣದ ಬಾಟಲಿ ಮಾರಿದೆ. ಹತ್ತೂ ಬೆರಳಿಗೆ ನಾನೇ ಹಚ್ಚಿದೆ.

ಎರಡು ತಿಂಗಳ ಮೇಲೆ, ನಾನು ಗಂಗವ್ವನ ಓಣಿಯಲ್ಲಿದ್ದಾಗ, ಆಕೆ ನೀರಿನ ಕೊಡದ ಸಮೇತ ಬಿದ್ದಳು. ಟಂಟಂ ಆಟೋದಲ್ಲಿ ಹಾಕಿಕೊಂಡು ಗೋಕಾಕಿಗೆ ಒಯ್ದೆವು. ದವಾಖಾನೆಯ ನರ್ಸ್ ಬಣ್ಣ ಒರೆಸಿ ಉಗುರು ನೋಡಿದಳು. “ಇಷ್ಟ ತಗ್ಗ ಬೀಳಾಕ ಭಾಳ ತಿಂಗಳ ಬೇಕ್ರಿ. ಮನ್ಯಾಗ ಯಾರೂ ನೋಡಲಿಲ್ಲೇನ್ರಿ?” ಗಂಗವ್ವನ ಗಂಡ ತಲೆ ತಗ್ಗಿಸಿದ. ತಗ್ಗಬೇಕಾದದ್ದು ನನ್ನ ತಲೆ. ನಾನು ಬಾಗಿಲ ಹಿಂದೆ ಸರಿದೆ.

ರಕ್ತ ಏರಿಸಿದರು. ಗರ್ಭಚೀಲದ ಗಂಟು ತೆಗೆದರು. ಗಂಗವ್ವ ಗೆದ್ದಳು. ಆರು ತಿಂಗಳಲ್ಲಿ ಬುಡದಿಂದ ಹೊಸ ಉಗುರು ಬಂದವು — ನಸುಗೆಂಪು, ಗಟ್ಟಿ. ಮೊಮ್ಮಗನನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಇನ್ನೊಂದನ್ನು ನನ್ನ ಮುಂದೆ ಚಾಚಿದಳು. “ಇಡ ನೋಡೂಣು ಆಯಿ. ಕೈ ತುಂಬಿಕೊಂಡೇತಿ, ಹಳೀ ಅಳತಿ ಬಳಿ ತಂದಿದ್ರ ಒಡೀತಾವ.”

ನನ್ನ ಮಕ್ಕಳ ಮದುವೆಯಲ್ಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ. ಆ ಖುಷಿಯೇ ಬಾಯಿ ಬಿಡಿಸಿತು. ಎಲ್ಲ ಹೇಳಿದೆ — ತಂಗಿಯ ಉಗುರು, ಕಟ್ಟಳೆ, ಬಾಟಲಿ.

ಆಕೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. “ನಾ ಸತ್ತಿದ್ರ ಬಂದು ಅಳತಿದ್ದಿ, ಹೌದಿಲ್ಲೋ?”

“ಅಳತಿದ್ದೆ.”

“ಅದು ಯಾರಿಗಿ ಬೇಕಿತ್ತು? ಇನ್ನೊಬ್ಬಾಕಿ ಕೈ ಹಿಡದಾಗರ ಬಾಯಿ ಬಿಡು.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಕೊಣ್ಣೂರಿನಲ್ಲೇ ಮೊದಲ ಮನೆ. ಹುಕ್ಕೇರಿಯಿಂದ ಬಂದ ಸೊಸೆ, ನಲವತ್ತು ದಾಟಿದಾಕೆ. ಉಗುರು ಸುಣ್ಣದಂತೆ ಬಿಳಿ. ಒಂದು ಕೈಗೆ ಬಳೆ ಏರಿಸಿ ನಿಲ್ಲಿಸಿದೆ. “ಏನ ಬ್ಯಾನಿ ಅಂತ ಹೇಳಾಕ ನಾ ಡಾಕ್ಟರ್ ಅಲ್ಲವ್ವಾ. ಆದರ ರಕ್ತ ತಪಾಸ ಮಾಡಸಬೇಕು. ನಡಿ.”

ಆಕೆಯ ಅತ್ತೆ ಒಳಗಿನಿಂದ ಬಂದಳು. “ಮುಂಜಮುಂಜಾನೆ ಬಳಿ ತಂದೀಯೋ, ಬ್ಯಾನಿ ತಂದೀಯೋ?”

“ಬ್ಯಾನಿ ನಾ ತಂದಿಲ್ರಿ. ನಿಮ್ಮ ಮನ್ಯಾಗಿಂದ ನಿಮಗ ತೋರಸಾಕತ್ತೇನಿ.”

ಬುಟ್ಟಿಯನ್ನು ಅವರ ಕಟ್ಟೆಯ ಮೇಲೆಯೇ ಬಿಟ್ಟೆ. ಒಂದು ಕೈ ತುಂಬ ಬಳೆ, ಇನ್ನೊಂದು ಕೈ ಬರಿದು — ಹಾಗೆಯೇ ಆ ಸೊಸೆಯನ್ನು ಕರೆದುಕೊಂಡು ದವಾಖಾನೆಗೆ ಹೊರಟೆ. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನೋಡಿತು. ನಾನು ನಡುಬೀದಿಯಲ್ಲೇ ನಡೆದೆ.