ಜೆರಾಕ್ಸ್ ಮೇಷ್ಟ್ರ ದೊಡ್ಡಕ್ಷರ

ವಿಜ್ಞಾನದ ಮೇಷ್ಟ್ರಿಗೆ ಶಾಲೆಯೆಲ್ಲ ಸೇರಿ ಇಟ್ಟ ಹೆಸರು ಜೆರಾಕ್ಸ್ ಮೇಷ್ಟ್ರು. ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ತಿಳಿಯುವ ಹಾಗೆ ಪ್ರಶ್ನೆಪತ್ರಿಕೆ ಬದಲಿಸಿ ಎಂದು ಹೆಡ್‌ಮಿಸ್ ಹೇಳಿದ್ದೇ ತಡ, ಈ ಮಹಾನುಭಾವರು ಅದೇ ಪತ್ರಿಕೆಯನ್ನು ಯಂತ್ರಕ್ಕೆ ಕೊಟ್ಟು ಅಕ್ಷರ ದೊಡ್ಡದು ಮಾಡಿಸಿ ತಂದರು. ಒಂದು ಹಾಳೆ ಮೂರಾಯಿತು, ಅಷ್ಟೇ. ಪಾಠವನ್ನೂ ಹಾಗೇ ಬದಲಿಸಿದರು: ಅದೇ ಇಂಗ್ಲಿಷು, ಗಂಟಲು ಮಾತ್ರ ಜೋರು. ಮಕ್ಕಳಿಗೆ ಬಾರದಿದ್ದದ್ದು ಭಾಷೆ. ಇವರು ಔಷಧ ಕೊಟ್ಟದ್ದು ಕಣ್ಣಿಗೆ, ಕಿವಿಗೆ.

ಲ್ಯಾಬಿನ ಅಕ್ಕ ಇದನ್ನೆಲ್ಲ ನೋಡಿ ಹಲ್ಲು ಕಡಿಯುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಗಾಜಿನ ಸಾಮಾನು ತೊಳೆದು ಒರೆಸಿಡುವವಳು ಅವಳು. ಚಿಕ್ಕಂದಿನಲ್ಲಿ ಇಂಗ್ಲಿಷ್ ಬರಲಿಲ್ಲವೆಂದು ಅವಳನ್ನು ಎರಡು ತರಗತಿ ಕೆಳಗಿಳಿಸಿ ತಮ್ಮನ ಪಕ್ಕ ಕೂರಿಸಿದ್ದರು. ಆ ನಾಚಿಕೆಗೇ ಶಾಲೆ ಬಿಟ್ಟಿದ್ದಳು.

ಈ ಸಲ ಅದೇ ಪಾಡು ಏಳನೆಯ ತರಗತಿಯ ಹೊಸ ಹುಡುಗಿಗೆ ಬಂತು. ಲ್ಯಾಬಿನ ಕೆಟ್ಟ ಬೆಲ್ಲನ್ನು ಬಿಚ್ಚಿ, ಸಡಿಲವಾದ ವೈರು ಹುಡುಕಿ, ಮತ್ತೆ ಟ್ರಿಣ್ ಅನ್ನಿಸಿದವಳು ಇವಳೇ. ವಿದ್ಯುತ್ತಿನ ಪಾಠದ ಪರೀಕ್ಷೆಯಲ್ಲಿ ಮಾತ್ರ ನೂರಕ್ಕೆ ನಾಲ್ಕು.

"ಸಾರ್, ಅವಳಿಗೆ ವಿಷಯ ಗೊತ್ತು. ಪ್ರಶ್ನೆ ಓದಕ್ಕೆ ಬರಲ್ಲ ಅಷ್ಟೇ," ಎಂದಳು ಅಕ್ಕ.

"ಇಷ್ಟು ದೊಡ್ಡಕ್ಷರದಲ್ಲಿ ಕೊಟ್ಟಿದ್ದೀನಿ, ಇನ್ನೇನು ತುತ್ತು ಮಾಡಿ ತಿನ್ನಿಸಲಾ? ಸೋಮವಾರದಿಂದ ಅವಳ ತಂಗಿ ಇರೋ ಐದನೇ ಕ್ಲಾಸಲ್ಲಿ ಕೂತ್ಕೊಳ್ಳಲಿ. ನೀವು ಗಾಜು ತೊಳೀರಿ."

ಅಕ್ಕ ಹೋಗಿ ಗಾಜು ತೊಳೆದಳು.

ಶುಕ್ರವಾರ ಹೊಸ ಮೈಕ್ರೋಸ್ಕೋಪ್ ಬಂತು. ಹೆಡ್‌ಮಿಸ್ಸೂ ನೋಡಲು ಬಂದರು. ಜೋಡಿಸುವ ಬಗೆ ಹೇಳುವ ಕೈಪಿಡಿ ಯಾವುದೋ ದೂರದೇಶದ ಲಿಪಿಯಲ್ಲಿತ್ತು. ಮೇಷ್ಟ್ರು ತಿರುಗಿಸಿ ನೋಡಿದರು, ಮಗುಚಿ ನೋಡಿದರು, ಬೆವರೊರೆಸಿಕೊಂಡರು. ಅಕ್ಕ ಕೈಪಿಡಿ ಇಸಿದುಕೊಂಡು ಹೋಗಿ ಐದು ನಿಮಿಷದಲ್ಲಿ ದೊಡ್ಡ ದೊಡ್ಡ ಹಾಳೆಗಳೊಂದಿಗೆ ಬಂದಳು.

"ತಗೊಳ್ಳಿ ಸಾರ್, ದೊಡ್ಡದು ಮಾಡಿಸ್ಕೊಂಡು ಬಂದಿದ್ದೀನಿ. ಈಗ ಅರ್ಥ ಆಗುತ್ತಲ್ವಾ?"

ಮೇಷ್ಟ್ರು ಆ ಹಾಳೆಗಳನ್ನೂ ತಿರುಗಿಸಿ ನೋಡಿದರು. ಅಕ್ಕ ಕಿಟಕಿ ಗಾಜು ನಡುಗುವ ಹಾಗೆ ಕೂಗಿದಳು: "ಅರ್ಥ ಆಗುತ್ತಲ್ವಾ ಸಾರ್?"

ಹೆಡ್‌ಮಿಸ್ಸಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರ ಮುಖ ಹುಳ್ಳಗಾಯಿತು. ನಕ್ಕು ಮುಗಿದ ಮೇಲೆ ಹೆಡ್‌ಮಿಸ್ ಅಕ್ಕನಿಂದ ವಿಷಯ ತಿಳಿದು ಹುಡುಗಿಯನ್ನು ಕರೆಸಿದರು. ಸೆಲ್ಲು, ವೈರು, ಬಲ್ಬು ಮುಂದಿಟ್ಟು ಅದೇ ಪ್ರಶ್ನೆಗಳನ್ನು ಅವಳ ಮನೆಮಾತಿನಲ್ಲೇ ಕೇಳಿದರು. ಅವಳು ಬಲ್ಬು ಹೊತ್ತಿಸಿದಳು, ಏಕೆ ಹೊತ್ತಿತೆಂದೂ ಹೇಳಿದಳು, ಚಿತ್ರ ಬರೆದು ಬೇಕಾದ ನಾಲ್ಕು ಇಂಗ್ಲಿಷ್ ಪದಗಳನ್ನು ಅವರು ಕೊಟ್ಟ ಪಟ್ಟಿ ನೋಡಿ ತುಂಬಿದಳು. ನೂರಕ್ಕೆ ಎಪ್ಪತ್ತೆಂಟು ಬಂತು.

ಇದು ತಮ್ಮದೇ ಹೊಸ ವಿಧಾನವೆಂದು ಮೇಷ್ಟ್ರು ವರದಿ ಬರೆದು, ಕೆಳಗೆ ತಮ್ಮ ಹೆಸರನ್ನು ದೊಡ್ಡಕ್ಷರದಲ್ಲಿ ಹಾಕಿಕೊಂಡರು. ಮಾನ ಮರ್ಯಾದೆ ಅನ್ನುವುದು ಯಂತ್ರದಲ್ಲಿ ದೊಡ್ಡದಾಗುವ ಹಾಗಿದ್ದರೆ ಅದನ್ನೂ ಮಾಡಿಸಿಕೊಳ್ಳುತ್ತಿದ್ದರೇನೋ.

ಸೋಮವಾರ ಹುಡುಗಿ ತನ್ನ ಬೆಂಚಿನಲ್ಲೇ ಇದ್ದಳು. ಅಕ್ಕ ಬಕೆಟ್ ಹಿಡಿದು ಬಾಗಿಲಲ್ಲಿ ಎರಡು ಸಲ ಇಣುಕಿದಳು. ಖುಷಿಯೇ ಆಯಿತು, ಅದರ ಹಿಂದೆಯೇ ಹೊಟ್ಟೆಯೂ ಉರಿಯಿತು. ತನ್ನ ಮುಂದೆಯೂ ಅಂದು ಯಾರಾದರೂ ಒಂದು ವೈರು, ಒಂದು ಬಲ್ಬು ಇಟ್ಟು ಕೇಳಬಹುದಿತ್ತು.