ಒಡೆದರೂ ಹೋಗದ ವಿಷ

ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತಿದ್ದ ಅವಳನ್ನು ಕೆರೆಯ ಮೀನುಗಾರರೆಲ್ಲ ‘ಲ್ಯಾಬ್ ಅಕ್ಕ’ ಎಂದೇ ಕರೆಯುತ್ತಿದ್ದರು. ಅವರಲ್ಲೊಬ್ಬ ಅವಳ ಒಡಹುಟ್ಟಿದ ತಮ್ಮ. ಮೀನಿನ ಹೊಟ್ಟೆ ಸೀಳುವುದನ್ನು ಅವಳು ಕಲಿತದ್ದು ಅಪ್ಪನ ಅಂಗಡಿಯಲ್ಲಿ. ಸೀಳಿದ ಮೇಲೆ ಏನು ಹುಡುಕಬೇಕೆಂಬುದನ್ನು ಕಾಲೇಜಿನಲ್ಲಿ.

ಆ ವರ್ಷ ಕೆರೆಯ ನೀರಿನಲ್ಲಿ ಫ್ಲೋರಿನ್ ಸೇರಿದ ಒಂದು ನಿಷೇಧಿತ ರಾಸಾಯನಿಕ ಕಂಡೂ ಕಾಣದಷ್ಟಿತ್ತು. ಮೀನಿನ ರಕ್ತದಲ್ಲಿ ಮಾತ್ರ ಸಾವಿರಾರು ಪಟ್ಟು ಹೆಚ್ಚು.

“ಯಂತ್ರ ಕೈಕೊಟ್ಟಿರಬೇಕಮ್ಮ,” ಎಂದರು ಮೇಲಧಿಕಾರಿ.

ಅವಳು ವಾದಕ್ಕಿಳಿಯದೆ ಮತ್ತೆ ಪರೀಕ್ಷೆ ಮಾಡಿದಳು. ಜಪ್ಪಯ್ಯ ಅಂದರೂ ಉತ್ತರ ಬದಲಾಗಲಿಲ್ಲ. ಎಷ್ಟೋ ವಿಷಗಳು ಕೊಬ್ಬಿನಲ್ಲಿ ಕೂರುತ್ತವೆ. ಇದು ರಕ್ತದ ಪ್ರೋಟೀನಿಗೆ ಅಂಟಿಕೊಂಡು ದಿನೇ ದಿನೇ ಗುಡ್ಡೆಯಾಗುತ್ತದೆ. ಮೇಲಧಿಕಾರಿಯೇ ಸಹಿ ಹಾಕಿ ಮೀನುಗಾರಿಕೆ ನಿಲ್ಲಿಸಿದರು.

ತಮ್ಮ ನೆಟ್ಟಗೆ ಅಕ್ಕನ ಅಡುಗೆಮನೆಗೇ ಬಂದ. “ಹಿಡಿದ ಮೀನನ್ನ ಒಳ್ಳೆ ನೀರಲ್ಲಿ ಬಿಟ್ಟಿಟ್ರೆ ವಿಷ ಇಳಿಯಲ್ವೇನಕ್ಕಾ?”

“ಇಳೀಬಹುದು. ನೋಡೇಬಿಡೋಣ.”

ಪರೀಕ್ಷಾಲಯದ ಹಿಂದಿನ ಕೋಣೆಗೆ ಶುದ್ಧ ನೀರಿನ ತೊಟ್ಟಿಗಳು ಬಂದವು, ಅವುಗಳಲ್ಲಿ ಕೆರೆಯ ಮೀನುಗಳನ್ನು ಬಿಟ್ಟರು. ಮೊದಲ ದಿನ ಅವುಗಳ ರಕ್ತದಲ್ಲಿ ಅದೇ ಜಾತಿಯ, ಇನ್ನೂ ದೊಡ್ಡ ಅಣುವಿನ ಇನ್ನೊಂದು ರಾಸಾಯನಿಕವೂ ಕಂಡಿತ್ತು. ಕೆಲವು ವಾರ ಕಳೆದು ನೋಡಿದಾಗ ಅದು ಅರ್ಧಕ್ಕರ್ಧ ಇಳಿದಿತ್ತು.

“ಒಡೀತಾ ಇದೆ!” ತಮ್ಮ ಕುಣಿದಾಡಿಬಿಟ್ಟ.

“ಒಡೀತಿರೋದು ನಿಜ ಕಣೋ. ಒಡೆದು ಏನಾಗ್ತಿದೆ, ಅದನ್ನ ನೋಡು.”

ಮೀನಿನ ದೇಹ ಆ ದೊಡ್ಡದರ ಬಾಲವನ್ನಷ್ಟೇ ಕಡಿದುಹಾಕುತ್ತಿತ್ತು. ಇಂಗಾಲಕ್ಕೆ ಫ್ಲೋರಿನ್ ಬಿಗಿದುಕೊಂಡ ತಿರುಳಿಗೆ ಅದರ ಹಲ್ಲು ತಾಗುತ್ತಿರಲಿಲ್ಲ. ಉಳಿದ ಆ ತಿರುಳೇ ನಿಷೇಧಿತ ವಿಷ. ಶುದ್ಧ ನೀರಿನಲ್ಲಿದ್ದರೂ ಅದು ಏರುತ್ತಲೇ ಇತ್ತು.

ತಮ್ಮನ ಮುಖ ಸಪ್ಪಗಾಯಿತು. “ನನ್ನ ಉಪಾಯ ಮಣ್ಣುಪಾಲು.”

“ಅಯ್ಯೋ ಪೆದ್ದ, ನಿನ್ನ ತೊಟ್ಟಿಯಿಂದಲೇ ಜಾಡು ಸಿಕ್ತು. ಈ ದೊಡ್ಡದನ್ನ ಬಟ್ಟೆಗೆ ನೀರು ಹಿಡಿಯದ ಹಾಗೆ ಬಳೀತಾರೆ. ದೋಣಿ ತೆಗಿ.”

ಇಬ್ಬರೂ ಕೆರೆಗೆ ಬೀಳುವ ಚರಂಡಿಗಳನ್ನೆಲ್ಲ ಜಾಲಾಡಿ ಪರೀಕ್ಷೆಗೆ ಸೀಸೆಗಳಲ್ಲಿ ನೀರು ತುಂಬಿಸಿಕೊಂಡರು. ಆ ವಸ್ತು ಸಿಕ್ಕಿದ್ದು ರೇನ್‌ಕೋಟ್ ಕಾರ್ಖಾನೆಯ ಹಿಂದಿನ ಚರಂಡಿಯಲ್ಲಿ ಮಾತ್ರ.

ಕಾರ್ಖಾನೆಯ ಯಜಮಾನ ಮೇಲಧಿಕಾರಿಯ ಎದುರೇ ಗುಡುಗಿದ. “ನಿಷೇಧ ಆಗಿರೋದನ್ನ ನಾವು ಕೈಯಲ್ಲೂ ಮುಟ್ಟಿಲ್ಲ!”

“ನಿಜ ಸಾರ್, ಮುಟ್ಟಿಲ್ಲ,” ಎಂದಳು ಅವಳು, ದನಿ ಏರಿಸದೆ. “ನೀವು ಬಿಟ್ಟಿದ್ದನ್ನ ಮೀನೇ ಅದನ್ನಾಗಿ ಮಾಡ್ತಿದೆ.”

ತೊಟ್ಟಿಯ ಲೆಕ್ಕಾಚಾರವನ್ನು ಮೇಲಧಿಕಾರಿಯೇ ಅವನ ಮುಂದೆ ಬಿಡಿಸಿಟ್ಟರು. ಚರಂಡಿಗೆ ಬೀಗ ಬಿತ್ತು. ಕಾರ್ಖಾನೆ ಗೊಣಗುತ್ತಲೇ ಮೇಣದ ಲೇಪಕ್ಕೆ ಬದಲಾಯಿತು. ಕೆರೆ ತಿಳಿಯಾಗುವವರೆಗೆ ಮೀನುಗಾರರು ಕೊಳವೆಬಾವಿ ನೀರಿನ ಹೊಂಡಗಳಲ್ಲಿ ಮರಿ ಸಾಕಿ ದಿನ ದೂಡಿದರು.

ಚರಂಡಿ ಮುಚ್ಚಿದ ಮೇಲೆ ಕೆರೆಯಲ್ಲಿ ಹುಟ್ಟಿದ ಮೀನುಗಳ ರಕ್ತ ಶುದ್ಧವೆಂದು ಕಂಡ ದಿನ ಅವಳು ತಮ್ಮನಿಗೆ ಫೋನ್ ಮಾಡಿದಳು.

“ಬಲೆ ಹಾಕು. ಎಳೇ ಮೀನು ಮಾತ್ರ. ಹಳೇವುಗಳ ಮೈಯಲ್ಲಿ ವಿಷ ಇನ್ನೂ ಇದೆ.”

“ವಯಸ್ಸು ಕೇಳಿ ಹಿಡೀಬೇಕೇನಕ್ಕಾ?”

“ಕೇಳು. ಸುಳ್ಳು ಹೇಳಿದ ಮೀನನ್ನ ನನ್ನ ಲ್ಯಾಬಿಗೆ ಕಳಿಸು.”